ತಾಂಡೇಲರ ಮಕ್ಕಳಿಗೆ ತ್ರಿಕೋನಮಿತಿ

ನಮ್ಮ ಕಡೆಯ ಶಾಲೆಗಳ ಹಾಜರಿ ಪುಸ್ತಕದಲ್ಲಿ ‘ತಾಂಡೇಲ’ ಎಂಬ ಅಡ್ಡಹೆಸರು ಈಗಲೂ ಉಂಟು. ತಾಂಡೇಲನೆಂದರೆ ಹಾಯಿಹಡಗನ್ನು ನಡೆಸುವವನು. ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ ಹೋಗಿ, ಲಿವರ್‌ಪೂಲಿನಲ್ಲಿ ಕುಮಟಾದ ಹೆಸರಿನಲ್ಲೇ ಮಾರಾಟವಾಗುತ್ತಿತ್ತು. ಭಟ್ಕಳ, ಹೊನ್ನಾವರದವರೂ ಗಾಳಿ-ನಕ್ಷತ್ರ ಬಲ್ಲವರೇ. ಆದರೆ ಬ್ರಿಟಿಷರ ಉಗಿಹಡಗಿನಲ್ಲಿ ಇಂಥವರಿಗೆ ಸಿಕ್ಕಿದ್ದು ಖಲಾಸಿಯ ಕೆಲಸ. ಅಧಿಕಾರಿಗಳನ್ನು ತಯಾರು ಮಾಡಲು ಮುಂಬಯಿಯಲ್ಲಿ ಸರಕಾರದ ‘ಡಫರಿನ್’ ತರಬೇತಿ ಹಡಗು ಆರಂಭವಾದದ್ದು 1927ರಲ್ಲಿ, ಅದೂ ನಮ್ಮ ನಾಯಕರು ಬಹಳ ಕಾಡಿದ ಮೇಲೆ!

ಕಲಿತರೂ ಕೆಲಸವೆಲ್ಲಿ? ಕರಾವಳಿ ಸಾಗಾಟವನ್ನು ಭಾರತೀಯ ಹಡಗುಗಳಿಗೆ ಮೀಸಲಿಡಲು ಎಸ್.ಎನ್. ಹಾಜಿಯವರು 1928ರಲ್ಲಿ ತಂದ ಮಸೂದೆ ಕಾನೂನಾಗಲೇ ಇಲ್ಲ.

‘ಸೈನ್, ಕೊಸೈನ್ ಯಾಕೆ ಸಾರ್?’ ಎನ್ನುವ ಹುಡುಗರಿಗೆ ನಾನು ಇದನ್ನೇ ಹೇಳುತ್ತೇನೆ. ಡಫರಿನ್ ಪರಂಪರೆಯ ನವೀ ಮುಂಬಯಿಯ ‘ಚಾಣಕ್ಯ’ಕ್ಕೆ ಸೇರಲು ಪಿಯುಸಿಯಲ್ಲಿ ಗಣಿತ ಬೇಕೇ ಬೇಕು.