ಪಟಾಚಾರೆಯ ಮೈಗೆ ಬಟ್ಟೆ

ಈಗಷ್ಟೇ ಮೆಡಿಕಲ್ ಶಾಪಿನಿಂದ ಬಂದೆ. ಪಕ್ಕದಲ್ಲಿದ್ದ ಹುಡುಗಿ ಚೀಟಿ ಮಡಚಿ ಕೊಟ್ಟಳು. ಅಂಗಡಿಯವರು ಜೋರಾಗಿ, 'ಡಿಪ್ರೆಶನ್ ಮಾತ್ರೆನಾ?' ಅಂದರು. ಅವಳು ತಲೆ ತಗ್ಗಿಸಿ, 'ಪೇಪರಲ್ಲಿ ಸುತ್ತಿಕೊಡಿ ಅಣ್ಣಾ' ಅಂದಳು. ನನ್ನ ಬಿಪಿ ಮಾತ್ರೆಯನ್ನು ನಾನು ಕೈಯಲ್ಲೇ ಹಿಡಿದು ತಂದೆ.

ದಾರಿಯುದ್ದಕ್ಕೂ ಪಟಾಚಾರೆಯೇ ನೆನಪಾದಳು. ಬೌದ್ಧರ ಪಾಲಿ ಅಟ್ಠಕಥೆಗಳಲ್ಲಿ, ಅಂದರೆ ವ್ಯಾಖ್ಯಾನ ಗ್ರಂಥಗಳಲ್ಲಿ, ಬರುವ ಹೆಣ್ಣುಮಗಳು. ಗಂಡ, ಇಬ್ಬರು ಮಕ್ಕಳು, ತವರಿನವರು ಎಲ್ಲರನ್ನೂ ಒಮ್ಮೆಗೇ ಕಳೆದುಕೊಂಡು, ಉಟ್ಟ ಬಟ್ಟೆಯ ಪರಿವೆಯಿಲ್ಲದೆ ಅಲೆದಳು. ಜನ ಹುಚ್ಚಿ ಅಂತ ಕಸ, ಮಣ್ಣು ಎಸೆದರು. ಶ್ರಾವಸ್ತಿಯ ಜೇತವನಕ್ಕೆ ಬಂದಾಗಲೂ ತಡೆಯಹೋದರು. ಬುದ್ಧ ಬಿಡಿ ಅಂದ, ತಂಗೀ ಅಂತ ಕರೆದ. ಅಲ್ಲಿದ್ದ ಯಾರೋ ತಮ್ಮ ಮೇಲುಹೊದಿಕೆ ಕೊಟ್ಟರು. (ಆ ಮನುಷ್ಯನ ಹೆಸರು ಯಾರಿಗೂ ಗೊತ್ತಿಲ್ಲ. ನನಗೆ ಅವನೇ ದೊಡ್ಡವನು.) ಅದೇ ಪಟಾಚಾರೆ ಮುಂದೆ ವಿನಯ, ಅಂದರೆ ಸಂಘದ ನಿಯಮ, ಬಲ್ಲ ಭಿಕ್ಖುನಿಯರಲ್ಲಿ ಮೊದಲಿಗಳಾದಳು.

ಮೈಯ ರೋಗವಿಲ್ಲದೆ ನೂರು ವರ್ಷ ಇರುವವರು ಸಿಕ್ಕಾರು, ಮನಸ್ಸಿನ ರೋಗವಿಲ್ಲದೆ ಒಂದು ಗಳಿಗೆ ಇರುವವರು ಮನದ ಕೊಳೆಯೆಲ್ಲ ಕಳೆದ ಅರಹಂತರನ್ನು ಬಿಟ್ಟರೆ ಅಪರೂಪ ಎಂಬುದು ಬೌದ್ಧ ಗ್ರಂಥ ಅಂಗುತ್ತರ ನಿಕಾಯದ ಮಾತು. ಹಾಗಾದರೆ ಆ ಹುಡುಗಿ ಯಾರಿಂದ ಬಚ್ಚಿಡಬೇಕು?

ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾತ್ರೆ ಬಚ್ಚಿಡುತ್ತಿದ್ದರೆ, ಇವತ್ತು ಪಕ್ಕದಲ್ಲಿ ಕೂತು ಮಾತಾಡಿಸಿ. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡಬಹುದು.