ಎರಡನೆಯ ಆಲ್ಬಂ

ರಘು ದೀಕ್ಷಿತ್ ಅವರ ಜನಪದ ರಾಕ್ ತಂಡದ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಬೆಂಗಳೂರಿನ ಹಾಸ್ಟೆಲ್ ಕೋಣೆಯಲ್ಲಿ ‘ಗುಡುಗುಡಿಯಾ’, ‘ಸೋರುತಿಹುದು’ ಕೇಳಿ ನಾವು ಹುಚ್ಚರಾಗಿದ್ದೆವು. ನಾಯಕನಹಟ್ಟಿಯಲ್ಲಿ ನಮ್ಮ ಮಾವ ದಮ್ಮಡಿ ಹಿಡಿದು ಹಾಡುತ್ತಿದ್ದ ಶರೀಫರ ಪದಗಳು ಗಿಟಾರಿನ ಜೊತೆ ಬಂದಿದ್ದವು. ಅವು ನಮ್ಮ ಮನೆಯ ಹಾಡುಗಳೆಂದು ಹೇಳಿಕೊಳ್ಳಲು ನನಗಿದ್ದ ನಾಚಿಕೆ ಅವತ್ತೇ ಹೋಯಿತು.

2013ರಲ್ಲಿ ‘ಜಗ್ ಚಂಗಾ’ ಬಂದಾಗ ಅದೇ ಗೆಳೆಯರು ಎರಡು ಪಾಲಾದರು. ತಂಡ ಬೆಳೆದಿದೆ ಎಂದರು ಕೆಲವರು. ನುಣುಪು ಹೆಚ್ಚಾಗಿದೆ, ಮೊದಲಿನ ಒರಟುತನ ಇಲ್ಲ ಎಂದರು ಉಳಿದವರು. ಈ ಎರಡನೇ ಗುಂಪಿನಲ್ಲಿ ನನ್ನದೇ ದೊಡ್ಡ ಬಾಯಿ. ‘ಲೋಕದ ಕಾಳಜಿ’ಗೆ ಇಷ್ಟೊಂದು ವಾದ್ಯ ಯಾಕೆ ಎಂದು ರಾತ್ರಿಯೆಲ್ಲ ವಾದಿಸಿದ್ದೆ.

ಮುಂದಿನ ವರ್ಷ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಊರಿಗೆ ಹೋದೆ. ಮಾವನ ಗಂಟಲು ಪೂರ್ತಿ ಹೋಗಿತ್ತು. ಭಜನೆಯಲ್ಲಿ ಅವರ ಜಾಗದಲ್ಲಿ ಪಿಯುಸಿ ಓದುತ್ತಿದ್ದ ಮಗ ಕೂತಿದ್ದ. ‘ಕೋಡಗನ ಕೋಳಿ ನುಂಗಿತ್ತ’ ಎತ್ತಿಕೊಂಡ. ಫೋನಿನಲ್ಲಿ ಕೇಳಿ ಕಲಿತದ್ದು. ‘ಜಗ್ ಚಂಗಾ’ದ ಧಾಟಿಯೇ. ನನಗೆ ಕಸಿವಿಸಿ. ಮಾವ ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

“ಇದು ನಿಮ್ಮ ಧಾಟಿ ಅಲ್ವಲ್ಲ ಮಾವ?” ಅಂದೆ.

“ಅಶ್ವತ್ಥ್ ಕ್ಯಾಸೆಟ್ ಬಂದಾಗ ನಮ್ಮಪ್ಪಾನೂ ಹಿಂಗೇ ಅಂದಿದ್ದ ಕಣಪ್ಪ,” ಎಂದು ಪಿಸುಗುಟ್ಟಿದರು. “ಹುಡುಗ ಹಾಡ್ತಾನಲ್ಲ, ಬಿಡು.”

‘ಸೋರುತಿಹುದು’ಗೆ ಮನಸೋತ ದಿನ ನಾನೂ ಮಾವನ ಧಾಟಿ ಬಿಟ್ಟಿದ್ದೆ. ಅದು ಹೊಳೆದದ್ದು ಆಗಲೇ.

ನನಗೆ ಇವತ್ತಿಗೂ ಮೊದಲ ಆಲ್ಬಮ್ಮೇ ಇಷ್ಟ. ಹಾಸ್ಟೆಲಿನ ಆ ಕೋಣೆ ಅದರಲ್ಲಿದೆ. ಆದರೆ ಅದನ್ನು ಅಳತೆಗೋಲು ಮಾಡಿಕೊಂಡು ವಾದಕ್ಕೆ ಇಳಿಯುವುದನ್ನು ಬಿಟ್ಟಿದ್ದೇನೆ. ಮಾವ ಈಗಿಲ್ಲ. ಅವರ ದಮ್ಮಡಿ ಇನ್ನೂ ಗೋಡೆಯ ಮೊಳೆಗೆ ಹೋಗಿಲ್ಲ.