ವಿಪಾಶೆಯ ತೀರದ ಮನಾಲಿ

ಮೈಸೂರಿನಲ್ಲಿ ಜಂಬೂಸವಾರಿ ಮುಗಿದು ನವರಾತ್ರಿಯ ಸಡಗರ ಅಡಗುವ ವಿಜಯದಶಮಿಯಂದೇ ಹಿಮಾಲಯದ ಕುಲು ಕಣಿವೆಯಲ್ಲಿ ದಸರೆ ಆರಂಭವಾಗುತ್ತದೆ. ಸುತ್ತಣ ಹಳ್ಳಿಗಳ ನೂರಾರು ದೇವತೆಗಳು ಪಲ್ಲಕ್ಕಿಯೇರಿ, ಕಹಳೆ ನಗಾರಿಗಳೊಡನೆ ಧಾಲ್ಪುರದ ಮೈದಾನಕ್ಕೆ ಬಂದು ರಘುನಾಥಸ್ವಾಮಿಗೆ ವಂದಿಸುತ್ತವೆ. ಆದರೆ ಮನಾಲಿಯಿಂದ ಹಿಡಿಂಬಾದೇವಿ ಬಂದು ಸೇರದೆ ಉತ್ಸವಕ್ಕೆ ಮೊದಲಿಲ್ಲ. ಭಾರತದ ಕಥೆ ಕೇಳಿ ಬೆಳೆದ ಕನ್ನಡಿಗರಿಗೆ ಹಿಡಿಂಬೆ ಭೀಮಸೇನನನ್ನು ವರಿಸಿದ ರಾಕ್ಷಸಿ, ಘಟೋತ್ಕಚನ ತಾಯಿ. ಕುಲುವಿನ ಅರಸುಮನೆತನಕ್ಕಾದರೋ ಅವಳು ಪೂಜ್ಯಳಾದ ಅಜ್ಜಿ!

ಈ ಅಜ್ಜಿಯ ಊರಾದ ಮನಾಲಿ, ಹಿಮಾಚಲ ಪ್ರದೇಶದಲ್ಲಿ, ಕುಲು ಪಟ್ಟಣದಿಂದ ಸುಮಾರು 40 ಕಿಲೋಮೀಟರ್ ಉತ್ತರಕ್ಕಿದೆ. ಸಮುದ್ರಮಟ್ಟದಿಂದ ಇದರ ಎತ್ತರ 6,700 ಅಡಿಗಳಷ್ಟು. ಪ್ರಳಯಾನಂತರ ಮನುವಿನ ನಾವೆ ನಿಂತ ತಾಣ ಇದೇ ಎಂಬುದು ಸ್ಥಳಪುರಾಣ. 'ಮನು ಆಲಯ'ವೇ ಮನಾಲಿಯಾಯಿತಂತೆ. ಎರಡೂ ಬದಿಯಲ್ಲಿ ಹಿಮ ಹೊತ್ತ ಶಿಖರಗಳು, ಇಳಿಜಾರಿನಲ್ಲಿ ದೇವದಾರು, ಅದರ ಕೆಳಗೆ 19ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ನೆಲೆಸಿದ ಆಂಗ್ಲರು ಮೊದಲುಮಾಡಿದ ಸೇಬಿನ ತೋಟಗಳು, ಎಲ್ಲಕ್ಕೂ ಕೆಳಗೆ ಬಂಡೆಗಳ ನಡುವೆ ನೊರೆಗರೆಯುತ್ತ ಧುಮ್ಮಿಕ್ಕುವ ಬಿಯಾಸ್ ನದಿ.

ಪೇಟೆಯಿಂದ ಅರ್ಧ ಗಂಟೆ ಮೇಲಕ್ಕೆ ನಡೆದರೆ ಢುಂಗ್ರಿಯ ದೇವದಾರು ವನ. ಅಲ್ಲಿ ಹಗಲಿನಲ್ಲಿಯೂ ಮಬ್ಬುಗತ್ತಲೆ. ರಾಜಾ ಬಹಾದುರ್ ಸಿಂಹನು 1553ರಲ್ಲಿ ಕಟ್ಟಿಸಿದ ಹಿಡಿಂಬೆಯ ಗುಡಿ ಆ ವನದ ನಡುವಿದೆ. ದಕ್ಷಿಣದ ಗೋಪುರಗಳನ್ನು ಕಂಡ ಕಣ್ಣಿಗೆ ಇದು ತೀರ ಹೊಸತು. ಒಂದರ ಮೇಲೊಂದಾಗಿ ಕಿರಿದಾಗುವ ಮರದ ಮೂರು ಚೌಕ ಮಾಡುಗಳು, ತುದಿಯಲ್ಲಿ ಶಂಕುವಿನಾಕಾರದ ಲೋಹದ ಹೊದಿಕೆ. ಬಾಗಿಲ ಚೌಕಟ್ಟಿನ ತುಂಬ ದೇವತೆಗಳ, ಪ್ರಾಣಿಗಳ, ಬಳ್ಳಿಗಳ ಕೆತ್ತನೆ. ಒಳಗೆ ಭವ್ಯ ಮೂರ್ತಿಯನ್ನು ಅರಸಿದರೆ ನಿರಾಶೆಯೇ. ಇರುವುದು ಒಂದು ಹೆಬ್ಬಂಡೆ, ದೇವಿಯದೆಂದು ಪೂಜಿಸುವ ಹೆಜ್ಜೆಗುರುತು. ಬಂಡೆಯನ್ನು ಕದಲಿಸದೆ, ಅದರ ಮೇಲೆಯೇ ಗುಡಿಯನ್ನು ಕಟ್ಟಿದ್ದಾರೆ.

ನದಿಯ ಎದುರು ದಡದ ಇಳಿಜಾರಿನಲ್ಲಿರುವ ವಸಿಷ್ಠ ಗ್ರಾಮದಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಮಕ್ಕಳನ್ನು ಕಳೆದುಕೊಂಡ ವಸಿಷ್ಠರು ದುಃಖ ತಾಳಲಾರದೆ ಮೈಗೆ ಹಗ್ಗ ಬಿಗಿದುಕೊಂಡು ನದಿಗೆ ಹಾರಿದರೆಂದೂ, ನದಿಯು ಆ ಪಾಶಗಳನ್ನು ಬಿಡಿಸಿ ಅವರನ್ನು ದಡಕ್ಕೆ ಸೇರಿಸಿತೆಂದೂ ಮಹಾಭಾರತ ಹೇಳುತ್ತದೆ. ಅಂದಿನಿಂದ ಅದು 'ವಿಪಾಶಾ'. ಬಿಯಾಸ್ ಎಂದರೆ ಆ ನದಿಯೇ.

ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ದೂರದ ನಗ್ಗರ್ ಹಿಂದೆ ಕುಲುವಿನ ರಾಜಧಾನಿ. ನದಿಯಿಂದ ಬಹು ಮೇಲೆ ನಿಂತಿರುವ ಅಲ್ಲಿಯ ಕೋಟೆಮನೆಯನ್ನು 'ಕಾಠ್‌ಕುಣಿ' ಎಂಬ ರೀತಿಯಲ್ಲಿ ಕಟ್ಟಿದ್ದಾರೆ: ಒಂದು ಸಾಲು ದೇವದಾರು ತೊಲೆ, ಒಂದು ಸಾಲು ಕಲ್ಲು, ನಡುವೆ ಗಾರೆಯಿಲ್ಲ. ಭೂಮಿ ನಡುಗಿದಾಗ ಇಂತಹ ಗೋಡೆ ತುಸು ಓಲಾಡಿ ಮತ್ತೆ ನಿಲ್ಲುತ್ತದೆ. 1905ರ ಕಾಂಗ್ರಾ ಭೂಕಂಪವನ್ನು ಈ ಕಟ್ಟಡ ತಾಳಿಕೊಂಡಿತು.

ನಗ್ಗರಕ್ಕೂ ಕರ್ನಾಟಕಕ್ಕೂ ಒಂದು ನಂಟುಂಟು. ರಷ್ಯದ ಚಿತ್ರಕಾರ ನಿಕೊಲಾಸ್ ರೋರಿಕ್ 1928ರಲ್ಲಿ ಇಲ್ಲಿ ನೆಲೆಸಿ, ಹಿಮಾಲಯದ ಬಣ್ಣಗಳನ್ನೇ ಧ್ಯಾನಿಸುತ್ತ 1947ರಲ್ಲಿ ಇಲ್ಲಿಯೇ ಕಾಲವಾದನು. ಅವನ ಮಗ ಸ್ವೆತೊಸ್ಲಾವ್, ನಟಿ ದೇವಿಕಾರಾಣಿಯನ್ನು 1945ರಲ್ಲಿ ವಿವಾಹವಾದನು; ಈ ದಂಪತಿಗಳು ಬಳಿಕ ಬೆಂಗಳೂರಿನ ಬಳಿಯ ತಾತಗುಣಿ ಎಸ್ಟೇಟಿನಲ್ಲಿ ನೆಲಸಿದರು. ನಗ್ಗರದ ಮನೆ ಈಗ ಚಿತ್ರಶಾಲೆ.

ಉತ್ತರಕ್ಕೆ 51 ಕಿಲೋಮೀಟರ್ ದಾರಿ ಏರಿದರೆ 13,050 ಅಡಿ ಎತ್ತರದ ರೋಹ್ತಾಂಗ್ ಕಣಿವೆದಾರಿ. ಚಳಿಗಾಲದಲ್ಲಿ ಹಿಮ ಬಿದ್ದು ಇದು ಮುಚ್ಚಿದರೆ ಆಚೆಯ ಲಾಹೌಲದ ಜನ ತಿಂಗಳುಗಟ್ಟಲೆ ಹೊರಜಗತ್ತಿಗೆ ದೂರವಾಗುತ್ತಿದ್ದರು. 2020ರ ಅಕ್ಟೋಬರ್ 3ರಂದು ತೆರೆದ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಆ ಕಷ್ಟವನ್ನು ನೀಗಿತು. ಜೊತೆಗೆ ಪ್ರವಾಸಿಗರ ವಾಹನಗಳಿಗೂ ದಾರಿ ಸುಲಭವಾಯಿತು.

ಇಷ್ಟು ಜನಕ್ಕೆ ವಸತಿ ಬೇಕಲ್ಲ! ಹಿರಿಯರು ಹಳ್ಳಿಗಳನ್ನು ಇಳಿಜಾರಿನ ಮೇಲೆ ಕಟ್ಟಿದ್ದರು. ಹಳೆಯ ಮನಾಲಿ, ವಸಿಷ್ಠ, ನಗ್ಗರ್ ಎಲ್ಲವೂ ಹಾಗೆಯೇ. ಹೊಸ ಕಾಲದ ಹೋಟೆಲುಗಳು ನೀರಿನ ಸೊಬಗಿಗೆ ಮನಸೋತು ನದಿಯ ಅಂಚಿಗೇ ಇಳಿದವು. 2023ರ ಜುಲೈ ತಿಂಗಳಲ್ಲಿ ಎಡೆಬಿಡದೆ ಮಳೆ ಸುರಿದಾಗ ಬಿಯಾಸ್ ತನ್ನ ಹಳೆಯ ಪಾತ್ರವನ್ನು ಮರಳಿ ಕೇಳಿತು. ದಡದ ಕಟ್ಟಡಗಳು, ವಾಹನಗಳು ಕೊಚ್ಚಿಹೋದವು. ಕುಲು-ಮನಾಲಿ ಹೆದ್ದಾರಿ ಹಲವೆಡೆ ನದಿಪಾಲಾಯಿತು. ವಸಿಷ್ಠರ ಪಾಶ ಬಿಡಿಸಿದ ನದಿ, ತನಗೆ ಬಿಗಿದ ಪಾಶವನ್ನು ಸಹಿಸೀತೆ?

ಸೇಬಿನ ಹೂ ಕಾಣಬೇಕೆನ್ನುವವರಿಗೆ ಏಪ್ರಿಲ್, ದಸರೆ ನೋಡಬೇಕೆನ್ನುವವರಿಗೆ ಅಕ್ಟೋಬರ್ ಪ್ರಶಸ್ತ. ಮಳೆಗಾಲದಲ್ಲಿ ಹೋಗದಿರುವುದು ಲೇಸು. ಮಕ್ಕಳೊಡನೆ ಹೋಗುವವರು ವಸತಿಯನ್ನು ಗೊತ್ತುಮಾಡುವ ಮೊದಲು ಅದು ನದಿಯಿಂದ ಎಷ್ಟು ದೂರ, ಎಷ್ಟು ಎತ್ತರದಲ್ಲಿದೆ ಎಂದು ವಿಚಾರಿಸಲಿ. ಬಿಯಾಸ್‌ನ ಸೊಬಗನ್ನು ನೂರಡಿ ಮೇಲಿನಿಂದ ಸವಿದರೂ ಅದೇನೂ ಕಡಿಮೆಯಾಗದು.